ಗಾಳಿಯಿಂದ ಗೊಬ್ಬರ ಮಾಡಿದ್ದಾಯ್ತು, ಬೇರಿಗೆ ಮುಟ್ಟಿಸೋದು ಬಾಕಿ!

ನಿಮ್ಮ ತೂಕ 70 ಕೆಜಿ ಅಂದುಕೊಳ್ಳಿ. ಅದರಲ್ಲಿ ಸುಮಾರು 2 ಕೆಜಿ ಸಾರಜನಕ, ಅಂದರೆ ನೈಟ್ರೋಜನ್. ಮಾಂಸಖಂಡ, ರಕ್ತ, ಕೂದಲು, ಉಗುರು, ಡಿಎನ್‌ಎ ಎಲ್ಲದರಲ್ಲೂ ಅದು ಇದೆ. ನಾವು ತಿಂದ ಅನ್ನ, ಮುದ್ದೆ, ಬೇಳೆ, ಮೊಟ್ಟೆಯಿಂದಲೇ ಅದು ಮೈಗೆ ಸೇರಿದ್ದು. ಜಗತ್ತಿನ ಸರಾಸರಿ ಲೆಕ್ಕ ಹಿಡಿದರೆ ಆ 2 ಕೆಜಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಯಾವುದೋ ಕಾರ್ಖಾನೆಯ ಉಕ್ಕಿನ ಕೊಳವೆಯೊಳಗೆ ಹಾದು ಬಂದದ್ದು. ನಮ್ಮಲ್ಲಿ ಅದರ ಮುಖ್ಯ ರೂಪ ಬಿಳಿ ಹರಳು, 45 ಕೆಜಿ ಚೀಲ, ಹೆಸರು ಯೂರಿಯಾ.

ಮೊಬೈಲ್, ಇಂಟರ್ನೆಟ್, ಎಐ ಎಲ್ಲವನ್ನೂ ದೊಡ್ಡ ಆವಿಷ್ಕಾರ ಅಂತೀವಿ. ಅವೆಲ್ಲ ನಾಳೆ ನಿಂತುಹೋದರೆ ಕಷ್ಟವಾಗುತ್ತೆ, ನಿಜ. ಆದರೆ ಅಮೋನಿಯಾ ತಯಾರಿಕೆ ನಿಂತರೆ ಭೂಮಿ ಮೇಲಿನ ಅರ್ಧದಷ್ಟು ಜನಕ್ಕೆ ಊಟವೇ ಇರುವುದಿಲ್ಲ. ಪಿಯುಸಿ ಕೆಮಿಸ್ಟ್ರಿಯಲ್ಲಿ ‘ಹೇಬರ್ ಪ್ರೋಸೆಸ್’ ಅಂತ ಮಾರ್ಕಿಗಾಗಿ ಬಾಯಿಪಾಠ ಮಾಡಿ ಮರೆತುಬಿಟ್ಟ ಆ ಒಂದು ಸಮೀಕರಣದ ಕಥೆ ಇದು. ಆ ಕಥೆಯ ಕೊನೆಯ ಅಧ್ಯಾಯ ಇನ್ನೂ ಬರೆದಾಗಿಲ್ಲ, ಅದು ನಮ್ಮ ಊರಿನ ಹೊಲದಲ್ಲೇ ಬಾಕಿ ಇದೆ ಅನ್ನೋದೇ ಈ ಲೇಖನದ ವಿಷಯ.

ತಲೆ ಮೇಲೇ ಇದೆ, ಕೈಗೆ ಸಿಗಲ್ಲ

ಗಾಳಿಯಲ್ಲಿ ಶೇ 78ರಷ್ಟು ಸಾರಜನಕ. ಹಾಗಿದ್ದರೂ ಗಿಡಕ್ಕೆ ಸಾರಜನಕದ ಕೊರತೆ ಯಾಕೆ? ಗಾಳಿಯಲ್ಲಿರುವ ಸಾರಜನಕದ ಎರಡು ಪರಮಾಣುಗಳು ಒಂದಕ್ಕೊಂದು ಮೂರು ಬಂಧಗಳಿಂದ ಬಿಗಿಯಾಗಿ ಅಂಟಿಕೊಂಡಿರುತ್ತವೆ. ಪ್ರಕೃತಿಯಲ್ಲಿ ಆ ಗಂಟು ಬಿಚ್ಚಬಲ್ಲವರು ಇಬ್ಬರೇ. ಒಂದು ಸಿಡಿಲು. ಇನ್ನೊಂದು ಕೆಲವು ಬ್ಯಾಕ್ಟೀರಿಯಾಗಳು. ತೊಗರಿ, ಅವರೆ, ಅಲಸಂದೆ, ಹುರುಳಿಯ ಬೇರು ಕಿತ್ತು ನೋಡಿದರೆ ಸಣ್ಣ ಗಂಟುಗಳು ಕಾಣುತ್ತವಲ್ಲ, ಆ ಬ್ಯಾಕ್ಟೀರಿಯಾಗಳ ಮನೆ ಅದೇ.

ನಮ್ಮ ಹಿರಿಯರಿಗೆ ಕೆಮಿಸ್ಟ್ರಿ ಗೊತ್ತಿರಲಿಲ್ಲ, ಫಲಿತಾಂಶ ಗೊತ್ತಿತ್ತು. ರಾಗಿಯ ನಡುವೆ ಅಕ್ಕಡಿ ಸಾಲು ಹಾಕಿ ಅವರೆ, ತೊಗರಿ ಬೆಳೆಯುತ್ತಿದ್ದರು. ಹೊಂಗೆ ಸೊಪ್ಪು ಗದ್ದೆಗೆ ತುಳಿಯುತ್ತಿದ್ದರು. ಕೊಟ್ಟಿಗೆ ಗೊಬ್ಬರ ತಿಪ್ಪೆಯಿಂದ ಹೊಲಕ್ಕೆ ಹೋಗುತ್ತಿತ್ತು. ಈ ಚಕ್ರದಲ್ಲಿ ಒಂದು ಮಿತಿಯೂ ಇತ್ತು. ಎಷ್ಟು ಸಾರಜನಕ ತಿರುಗುತ್ತದೋ ಅಷ್ಟೇ ಬೆಳೆ, ಅಷ್ಟೇ ಜನ.

ಹಕ್ಕಿ ಹಿಕ್ಕೆಗೂ ಯುದ್ಧ

19ನೇ ಶತಮಾನದಲ್ಲಿ ಯುರೋಪಿನ ಜನಸಂಖ್ಯೆ ಏರಿತು, ಹೊಲಗಳು ಬಸವಳಿದವು. ಆಗ ಅವರ ಕಣ್ಣಿಗೆ ಬಿದ್ದದ್ದು ಪೆರು ದೇಶದ ಕರಾವಳಿಯ ದ್ವೀಪಗಳಲ್ಲಿ ಶತಮಾನಗಳಿಂದ ರಾಶಿ ಬಿದ್ದಿದ್ದ ಕಡಲ ಹಕ್ಕಿಗಳ ಹಿಕ್ಕೆ. ಹೆಸರು ಗ್ವಾನೋ. ಹಡಗುಗಟ್ಟಲೆ ಅಗೆದು ಸಾಗಿಸಿದರು. ಅದು ಖಾಲಿಯಾಗುತ್ತಾ ಬಂದಂತೆ ಅಟಕಾಮ ಮರುಭೂಮಿಯ ನೈಟ್ರೇಟ್ ಉಪ್ಪಿನ ಮೇಲೆ ಕಣ್ಣು ಬಿತ್ತು. ಆ ಮರುಭೂಮಿಗಾಗಿ 1879ರಲ್ಲಿ ಚಿಲಿ ಒಂದು ಕಡೆ, ಪೆರು ಮತ್ತು ಬೊಲಿವಿಯಾ ಇನ್ನೊಂದು ಕಡೆ ನಿಂತು ಯುದ್ಧವನ್ನೇ ಮಾಡಿದವು. ಬೊಲಿವಿಯಾ ತನ್ನ ಸಮುದ್ರ ತೀರ ಕಳೆದುಕೊಂಡದ್ದು ಆ ಯುದ್ಧದಲ್ಲೇ. ಇವತ್ತಿಗೂ ಅದಕ್ಕೆ ಕಡಲಿಲ್ಲ.

1898ರಲ್ಲಿ ಬ್ರಿಟನ್ನಿನ ರಸಾಯನ ವಿಜ್ಞಾನಿ ವಿಲಿಯಂ ಕ್ರೂಕ್ಸ್ ಬ್ರಿಸ್ಟಲ್‌ನಲ್ಲಿ ವಿಜ್ಞಾನಿಗಳ ಸಭೆಯ ಅಧ್ಯಕ್ಷ ಭಾಷಣದಲ್ಲಿ ನೇರವಾಗಿ ಎಚ್ಚರಿಸಿದರು. ಚಿಲಿಯ ನೈಟ್ರೇಟ್ ಮುಗಿದ ದಿನ ಗೋಧಿ ಸಾಲುವುದಿಲ್ಲ, ಗಾಳಿಯ ಸಾರಜನಕವನ್ನು ಹಿಡಿಯುವ ದಾರಿಯನ್ನು ರಸಾಯನ ವಿಜ್ಞಾನಿಗಳೇ ಹುಡುಕಬೇಕು ಎಂಬುದು ಅವರ ಮಾತಿನ ಸಾರ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಪ್ರಾಬ್ಲಂ ಸ್ಟೇಟ್‌ಮೆಂಟ್. ಉತ್ತರ ಸಿಗಲು ಹನ್ನೊಂದು ವರ್ಷ ಬೇಕಾಯಿತು.

ಗಂಟೆಗೆ ಒಂದು ಲೋಟ

ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಫ್ರಿಟ್ಜ್ ಹೇಬರ್ ಪ್ರೊಫೆಸರ್. ಅವರ ಸಮಸ್ಯೆ ಹೀಗಿತ್ತು. ಸಾರಜನಕ ಮತ್ತು ಜಲಜನಕ ಸೇರಿದರೆ ಅಮೋನಿಯಾ. ತಂಪಾಗಿಟ್ಟರೆ ಕ್ರಿಯೆ ನಡೆಯುವುದೇ ಇಲ್ಲ. ಬಿಸಿ ಮಾಡಿದರೆ ನಡೆಯುತ್ತದೆ, ಆದರೆ ಹುಟ್ಟಿದ ಅಮೋನಿಯಾ ಅದೇ ಬಿಸಿಗೆ ಮತ್ತೆ ಒಡೆದುಹೋಗುತ್ತದೆ. ಹೇಬರ್ ಮೂರು ಕೆಲಸ ಮಾಡಿದರು. ಒತ್ತಡವನ್ನು ವಾಯುಭಾರದ 200 ಪಟ್ಟಿನ ಸುತ್ತಮುತ್ತ ಏರಿಸಿದರು. ಕ್ರಿಯೆಯನ್ನು ಬೇಗ ಮಾಡಿಸುವ ಕ್ಯಾಟಲಿಸ್ಟ್ ಆಗಿ ಆಸ್ಮಿಯಮ್ ಲೋಹ ಇಟ್ಟರು. ಮೂರನೆಯದು ಜಾಣತನದ ಕೆಲಸ. ಒಂದು ಸುತ್ತಿಗೆ ಹುಟ್ಟುವ ಅಮೋನಿಯಾ ತೀರಾ ಕಡಿಮೆ. ಇರಲಿ, ಅಷ್ಟನ್ನೇ ತಂಪು ಮಾಡಿ ದ್ರವವಾಗಿ ತೆಗೆದುಬಿಡಿ, ಉಳಿದ ಅನಿಲವನ್ನು ಮತ್ತೆ ಒಳಕ್ಕೆ ಕಳಿಸಿ, ಮತ್ತೆ, ಮತ್ತೆ. ಕೋಡ್ ಬರೆಯುವವರಿಗೆ ಇದು ಚಿರಪರಿಚಿತ, ಒಂದು ಲೂಪ್ ಅಷ್ಟೇ. ಜಗತ್ತಿನ ಅಮೋನಿಯಾ ಕಾರ್ಖಾನೆಗಳು ಇವತ್ತಿಗೂ ನಡೆಯುವುದು ಈ ಲೂಪ್ ಮೇಲೆ.

1909ರ ಜುಲೈನಲ್ಲಿ ಬಿಎಎಸ್‌ಎಫ್ ಕಂಪನಿಯವರ ಎದುರು ಪ್ರಾತ್ಯಕ್ಷಿಕೆ ನಡೆಯಿತು. ಯಂತ್ರವನ್ನು ನಿಜವಾಗಿ ಕಟ್ಟಿ ನಿಲ್ಲಿಸಿದವರು ಹೇಬರ್ ಜತೆಗಿದ್ದ ಬ್ರಿಟಿಷ್ ಯುವಕ ರಾಬರ್ಟ್ ಲೆ ರೊಸಿನ್ಯೋಲ್. ಹನಿ ಹನಿಯಾಗಿ ಅಮೋನಿಯಾ ತೊಟ್ಟಿಕ್ಕಿತು, ಗಂಟೆಗೆ ಸುಮಾರು 125 ಮಿಲಿಲೀಟರ್. ಒಂದು ಕಾಫಿ ಲೋಟದಷ್ಟು. ಪ್ರೋಟೋಟೈಪ್ ರೆಡಿ.

ಪ್ರೊಡಕ್ಷನ್‌ಗೆ ಒಯ್ಯುವಾಗಿನ ಪಾಡು

ಡೆಮೊ ಓಡಿದ ಮೇಲೆ ಪ್ರೊಡಕ್ಷನ್‌ಗೆ ಒಯ್ಯುವುದು ಎಂಥ ಕೆಲಸ ಅಂತ ಐಟಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಆ ಹೊರೆ ಬಿದ್ದದ್ದು ಬಿಎಎಸ್‌ಎಫ್‌ನ ಕಾರ್ಲ್ ಬಾಷ್ ಹೆಗಲಿಗೆ. ಬೆಂಗಳೂರಿನ ಆಡುಗೋಡಿಯಲ್ಲಿ ಬಾಷ್ ಕಂಪನಿ ನೋಡಿರುತ್ತೀರಿ. ಆ ಕಂಪನಿ ಸ್ಥಾಪಿಸಿದ ರಾಬರ್ಟ್ ಬಾಷ್ ಇವರ ಚಿಕ್ಕಪ್ಪ.

ಮೊದಲ ಸಮಸ್ಯೆ ಕ್ಯಾಟಲಿಸ್ಟ್. ಆಸ್ಮಿಯಮ್ ತೀರಾ ಅಪರೂಪ, ಕಾರ್ಖಾನೆ ನಡೆಸುವಷ್ಟು ಜಗತ್ತಿನಲ್ಲೇ ಇರಲಿಲ್ಲ. ಅಗ್ಗದ್ದೇನಾದರೂ ಬೇಕು. ಆಲ್ವಿನ್ ಮಿಟಾಶ್ ಎಂಬ ರಸಾಯನ ವಿಜ್ಞಾನಿ ಸಣ್ಣ ಸಣ್ಣ ರಿಯಾಕ್ಟರ್‌ಗಳನ್ನು ಸಾಲಾಗಿ ಇಟ್ಟು ಪರೀಕ್ಷೆಗೆ ಕೂತರು. 1912ರ ಹೊತ್ತಿಗೆ ಸುಮಾರು 2,500 ಬಗೆಯ ವಸ್ತುಗಳು, 6,500 ಪ್ರಯೋಗಗಳು. ಸ್ವೀಡನ್ನಿನ ಯೆಲ್ಲಿವಾರೆಯ ಗಣಿಯಿಂದ ಬಂದ ಒಂದು ಕಬ್ಬಿಣದ ಅದಿರಿನ ಮಾದರಿ ಮಾತ್ರ ವಿಚಿತ್ರವಾಗಿ ಚೆನ್ನಾಗಿ ಕೆಲಸ ಮಾಡಿತು. ಶುದ್ಧ ಕಬ್ಬಿಣಕ್ಕೆ ಆ ಗುಣ ಇರಲಿಲ್ಲ. ಅದಿರಿನಲ್ಲಿ ಬೆರೆತಿದ್ದ ಕಲ್ಮಶಗಳೇ ಕೆಲಸ ಮಾಡುತ್ತಿದ್ದವು. ಕೊನೆಗೆ ಕಬ್ಬಿಣಕ್ಕೆ ಅಲ್ಯೂಮಿನಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಸಂಯುಕ್ತಗಳನ್ನು ಚೂರುಚೂರು ಬೆರೆಸಿದ ಪಾಕ ಸಿದ್ಧವಾಯಿತು. ನೂರು ವರ್ಷ ದಾಟಿದರೂ ಮೂಲ ಪಾಕ ಬದಲಾಗಿಲ್ಲ.

ಎರಡನೇ ಸಮಸ್ಯೆ ಇನ್ನೂ ಕೆಟ್ಟದ್ದು. ದಪ್ಪ ಉಕ್ಕಿನ ಕೊಳವೆಗಳು ಸುಮಾರು 80 ಗಂಟೆ ಓಡಿ ಒಡೆದುಹೋಗುತ್ತಿದ್ದವು. ಬಿಸಿ ಜಲಜನಕ ಉಕ್ಕಿನೊಳಕ್ಕೆ ನುಸುಳಿ ಅದರಲ್ಲಿರುವ ಇಂಗಾಲವನ್ನು ತಿಂದುಹಾಕುತ್ತಿತ್ತು. ಇಂಗಾಲ ಹೋದ ಉಕ್ಕು ಪುಡಿಪುಡಿ. ಬಾಷ್ ಕಂಡ ಪರಿಹಾರ ಸರಳ. ಒಳಗೆ ಇಂಗಾಲವೇ ಇಲ್ಲದ ಮೆದು ಕಬ್ಬಿಣದ ಪದರ, ಹೊರಗೆ ಒತ್ತಡ ತಡೆಯುವ ಗಟ್ಟಿ ಉಕ್ಕು, ಆ ಉಕ್ಕಿಗೆ ಸಣ್ಣ ಸಣ್ಣ ತೂತು. ಒಳಪದರದಿಂದ ಸೋರುವ ಜಲಜನಕ ಉಕ್ಕನ್ನು ಕಾಡದೆ ತೂತಿನಿಂದ ಹೊರಕ್ಕೆ ಹೋಗುತ್ತದೆ. ಸೋರಿಕೆಯನ್ನು ಪೂರ್ತಿ ತಡೆಯಲಾಗದಿದ್ದರೆ ಅದಕ್ಕೊಂದು ದಾರಿ ಬಿಡು ಅನ್ನುವ ಉಪಾಯ.

1913ರ ಸೆಪ್ಟೆಂಬರ್‌ನಲ್ಲಿ ಒಪ್ಪೌ ಎಂಬಲ್ಲಿ ಕಾರ್ಖಾನೆ ಶುರುವಾಯಿತು. ಗಂಟೆಗೆ ಒಂದು ಲೋಟ ಇದ್ದದ್ದು ದಿನಕ್ಕೆ 30 ಟನ್ ಮಟ್ಟಕ್ಕೆ ಬಂತು, ನಾಲ್ಕೇ ವರ್ಷದಲ್ಲಿ.

ಅನ್ನವೂ ಅದೇ, ಬಾಂಬೂ ಅದೇ

ಕಾರ್ಖಾನೆ ಶುರುವಾದ ಮರುವರ್ಷವೇ ಮೊದಲ ಮಹಾಯುದ್ಧ. ಚಿಲಿಯಿಂದ ಜರ್ಮನಿಗೆ ನೈಟ್ರೇಟ್ ಬರುವ ಕಡಲ ದಾರಿ ಮುಚ್ಚಿತು. ಅಮೋನಿಯಾದಿಂದ ನೈಟ್ರಿಕ್ ಆಮ್ಲ, ಅದರಿಂದ ಸ್ಫೋಟಕ. ಹೊಲಕ್ಕೆ ಅಂತ ಹುಟ್ಟಿದ ಅಮೋನಿಯಾ ಬಹುಪಾಲು ರಣರಂಗಕ್ಕೆ ಹೋಯಿತು. ಹೇಬರ್ ಸ್ವತಃ ವಿಷಾನಿಲದ ಕೆಲಸಕ್ಕಿಳಿದರು. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಕ್ಲೋರಿನ್ ಬಿಟ್ಟ ದಾಳಿ ಅವರ ಉಸ್ತುವಾರಿಯಲ್ಲೇ ನಡೆಯಿತು. ಕೆಲವೇ ದಿನಗಳಲ್ಲಿ ಅವರ ಪತ್ನಿ, ತಾನೂ ರಸಾಯನ ವಿಜ್ಞಾನಿಯಾಗಿದ್ದ ಕ್ಲಾರಾ ಇಮ್ಮರ್‌ವಾರ್ ಆತ್ಮಹತ್ಯೆ ಮಾಡಿಕೊಂಡರು.

ಹೇಬರ್‌ಗೆ 1918ನೇ ಸಾಲಿನ ನೊಬೆಲ್ ಬಂತು. ಬಾಷ್‌ಗೆ 1931ರಲ್ಲಿ. ಯಹೂದಿ ಮೂಲದ ಹೇಬರ್ 1933ರಲ್ಲಿ ನಾಜಿಗಳ ಕಾಲಕ್ಕೆ ದೇಶ ಬಿಟ್ಟರು, ಮರುವರ್ಷ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ತೀರಿಕೊಂಡರು. ಈ ನಡುವೆ 1921ರಲ್ಲಿ ಅದೇ ಒಪ್ಪೌ ಕಾರ್ಖಾನೆಯಲ್ಲಿ ಗಟ್ಟಿಯಾಗಿದ್ದ ಗೊಬ್ಬರದ ರಾಶಿಯನ್ನು ಸಡಿಲ ಮಾಡಲು ಡೈನಮೈಟ್ ಇಟ್ಟಾಗ ರಾಶಿಯೇ ಸಿಡಿದು 500ಕ್ಕೂ ಹೆಚ್ಚು ಜನ ಸತ್ತರು. 2020ರಲ್ಲಿ ಬೈರೂತ್ ಬಂದರಿನಲ್ಲಿ ಸ್ಫೋಟಿಸಿದ್ದೂ ಇದೇ ಕುಟುಂಬದ ಅಮೋನಿಯಂ ನೈಟ್ರೇಟ್.

ಯೂರಿಯಾ ಈ ಕುಟುಂಬದಲ್ಲಿ ಸಾಧು ಸದಸ್ಯ. ಅಮೋನಿಯಾಕ್ಕೆ ಇಂಗಾಲದ ಡೈ ಆಕ್ಸೈಡ್ ಸೇರಿಸಿ ಒತ್ತಿದರೆ ಯೂರಿಯಾ. ಕರಗಿದ ಯೂರಿಯಾವನ್ನು ಎತ್ತರದ ಗೋಪುರದ ತುದಿಯಿಂದ ಸಿಂಪಡಿಸುತ್ತಾರೆ, ಬೀಳುತ್ತಾ ಬೀಳುತ್ತಾ ಹನಿಗಳು ಗಟ್ಟಿಯಾಗಿ ಸಾಬೂದಾನಿಯಂಥ ಹರಳಾಗುತ್ತವೆ. ತೂಕದಲ್ಲಿ ಶೇ 46ರಷ್ಟು ಸಾರಜನಕ. ಸಾಗಿಸುವುದು ಸುಲಭ, ಎರಚುವುದು ಸುಲಭ.

ಬೆಳಗೊಳದಿಂದ ಪಣಂಬೂರಿಗೆ

ಈ ತಂತ್ರಜ್ಞಾನ ಭಾರತಕ್ಕೆ ಬಂದಾಗ ಮೊದಲು ಕಾಲಿಟ್ಟ ಜಾಗಗಳಲ್ಲಿ ನಮ್ಮ ಮೈಸೂರು ಸಂಸ್ಥಾನವೂ ಒಂದು. ಮೈಸೂರಿನ ಪಕ್ಕದ ಬೆಳಗೊಳದಲ್ಲಿ ಸ್ವಾತಂತ್ರ್ಯಕ್ಕೂ ಮೊದಲೇ ಅಮೋನಿಯಾ ಮತ್ತು ಅಮೋನಿಯಂ ಸಲ್ಫೇಟ್ ತಯಾರಿಸುವ ಸಣ್ಣ ಕಾರ್ಖಾನೆ ಇತ್ತು. 1947ರಲ್ಲಿ ಕೇರಳದ ಉದ್ಯೋಗಮಂಡಲದಲ್ಲಿ ‘ಫ್ಯಾಕ್ಟ್’ ಶುರುವಾದಾಗ ಅದರ ಕಚ್ಚಾವಸ್ತು ಏನು ಗೊತ್ತಾ? ಸೌದೆ! ಸೌದೆಯಿಂದ ಅನಿಲ ತೆಗೆದು ಅದರಿಂದ ಜಲಜನಕ. 1951ರಲ್ಲಿ ಈಗಿನ ಜಾರ್ಖಂಡಿನ ಸಿಂದ್ರಿಯಲ್ಲಿ ಸರ್ಕಾರಿ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಮುಂದೆ ಹಸಿರು ಕ್ರಾಂತಿಯ ಗಿಡ್ಡ ತಳಿಯ ಗೋಧಿ, ಭತ್ತ ಬಂದವು. ಅವು ಗೊಬ್ಬರ ಹಾಕಿದಷ್ಟೂ ಬಾಗದೆ ನಿಂತು ಕಾಳು ಕೊಡುವ ತಳಿಗಳು. ಬೀಜ, ನೀರು, ಯೂರಿಯಾ ಮೂರೂ ಸೇರಿದ್ದರಿಂದಲೇ ದೇಶದ ಕಣಜ ತುಂಬಿತು.

ಇವತ್ತು ಕರ್ನಾಟಕದಲ್ಲಿ ಯೂರಿಯಾ ತಯಾರಾಗುವುದು ಒಂದೇ ಕಡೆ, ಮಂಗಳೂರಿನ ಪಣಂಬೂರಿನ ಎಂಸಿಎಫ್‌ನಲ್ಲಿ. 1976ರಿಂದ ನಡೆಯುತ್ತಿರುವ ಈ ಕಾರ್ಖಾನೆ ಬಹುಕಾಲ ನಾಫ್ತಾ ಬಳಸುತ್ತಿತ್ತು. 2021ರ ಜನವರಿಯಲ್ಲಿ ಕೊಚ್ಚಿ–ಮಂಗಳೂರು ಪೈಪ್‌ಲೈನ್ ಉದ್ಘಾಟನೆಯಾದ ಮೇಲೆ ನೈಸರ್ಗಿಕ ಅನಿಲಕ್ಕೆ ಬದಲಾಯಿತು.

ಈ ಅನಿಲವೇ ಕಥೆಯ ಸೂಕ್ಷ್ಮ ಜಾಗ. ಯೂರಿಯಾ ಕಾರ್ಖಾನೆಗೆ ಅನಿಲ ಬರೀ ಇಂಧನವಲ್ಲ, ಕಚ್ಚಾವಸ್ತುವೂ ಹೌದು. ಜಲಜನಕ ಸಿಗುವುದು ಅದರಿಂದಲೇ. ಭಾರತದ ಯೂರಿಯಾ ಕಾರ್ಖಾನೆಗಳಿಗೆ ಬೇಕಾದ ಅನಿಲದ ದೊಡ್ಡ ಪಾಲು ಹಡಗಿನಲ್ಲಿ ಎಲ್‌ಎನ್‌ಜಿಯಾಗಿ ಹೊರದೇಶದಿಂದ ಬರಬೇಕು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಅನಿಲದ ಬೆಲೆ ಹಾರಿದಾಗ ಯುರೋಪಿನ ಎಷ್ಟೋ ಅಮೋನಿಯಾ ಘಟಕಗಳು ಬಾಗಿಲು ಹಾಕಿದವು. ಎಲ್ಲೋ ಸಿಡಿದ ಗುಂಡಿನ ಸದ್ದು ದಾವಣಗೆರೆಯ ಮೆಕ್ಕೆಜೋಳದ ಹೊಲಕ್ಕೂ ಕೇಳಿಸುತ್ತದೆ ಅನ್ನೋದು ಹೀಗೆ.

ಅರ್ಧ ಚೀಲ ಎಲ್ಲಿ ಹೋಯಿತು?

ಈಗ ಒಂದು ಸಣ್ಣ ಲೆಕ್ಕ ಮಾಡೋಣ. 45 ಕೆಜಿ ಯೂರಿಯಾ ಚೀಲದಲ್ಲಿ ಸಾರಜನಕ 20.7 ಕೆಜಿ. ಭತ್ತದ ಗದ್ದೆಗೆ ಎರಚಿದರೆ ಪೈರು ಹೀರಿಕೊಳ್ಳುವುದು ಸಾಮಾನ್ಯವಾಗಿ ಶೇ 30ರಿಂದ 40. ಅಂದರೆ 20.7 ಕೆಜಿಯಲ್ಲಿ ಏಳೆಂಟು ಕೆಜಿ ಪೈರಿಗೆ. ಉಳಿದದ್ದು?

ಸ್ವಲ್ಪ ಮಣ್ಣಿನಲ್ಲೇ ಉಳಿಯುತ್ತದೆ. ಬಾಕಿಯದು ಮೂರು ದಾರಿ ಹಿಡಿಯುತ್ತದೆ. ಮಣ್ಣಿನಲ್ಲಿರುವ ಯೂರಿಯೇಸ್ ಎಂಬ ಕಿಣ್ವ ಕೆಲವೇ ದಿನಗಳಲ್ಲಿ ಯೂರಿಯಾವನ್ನು ಮತ್ತೆ ಅಮೋನಿಯಾ ಮಾಡುತ್ತದೆ, ಮೇಲ್ಮೈಯಲ್ಲಿದ್ದರೆ ಅದು ಗಾಳಿಗೆ ಹಾರುತ್ತದೆ. ಉಳಿದದ್ದನ್ನು ಬ್ಯಾಕ್ಟೀರಿಯಾಗಳು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ನೀರಿನ ಜತೆ ಕೆಳಕ್ಕಿಳಿದು ಅಂತರ್ಜಲ ಸೇರುತ್ತದೆ. ಗಾಳಿಯಾಡದ ಕೆಸರಿನಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಅದನ್ನು ಮತ್ತೆ ಸಾರಜನಕ ಅನಿಲ ಮಾಡಿ ಬಿಡುತ್ತವೆ, ಜತೆಗೆ ಒಂದಿಷ್ಟು ನೈಟ್ರಸ್ ಆಕ್ಸೈಡ್. ಭೂಮಿ ಬಿಸಿ ಮಾಡುವುದರಲ್ಲಿ ಇದು ಇಂಗಾಲದ ಡೈ ಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಜೋರು.

ಅಂತರ್ಜಲದ ವಿಷಯವನ್ನು ಬೇರೆಯಾಗಿ ಹೇಳಲೇಬೇಕು. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೇಟ್ ಇರಬಾರದು, ಮುಖ್ಯವಾಗಿ ಹಸುಗೂಸುಗಳಿಗೆ ಅಪಾಯ. ಕೇಂದ್ರ ಅಂತರ್ಜಲ ಮಂಡಳಿಯ ವರದಿಗಳಲ್ಲಿ ಈ ಮಿತಿ ಮೀರಿದ ಮಾದರಿಗಳು ಹೆಚ್ಚಿರುವ ರಾಜ್ಯಗಳ ಸಾಲಿನಲ್ಲಿ ರಾಜಸ್ಥಾನದ ಜತೆ ಕರ್ನಾಟಕವೂ ಇದೆ. ಚರಂಡಿ ನೀರು, ಜಾನುವಾರು ತ್ಯಾಜ್ಯದ ಪಾಲೂ ಇದರಲ್ಲಿದೆ. ಗೊಬ್ಬರದ ಪಾಲು ಸಣ್ಣದಲ್ಲ.

ಕಳಿಸಿದ 100 ಪ್ಯಾಕೆಟ್‌ಗಳಲ್ಲಿ 60 ದಾರಿಯಲ್ಲೇ ಕಳೆದುಹೋಗುವ ನೆಟ್‌ವರ್ಕನ್ನು ನಾವು ಯಾರೂ ಒಪ್ಪಲ್ಲ. ಯುದ್ಧ, ನೊಬೆಲ್, ಪೈಪ್‌ಲೈನ್, ಲಕ್ಷ ಕೋಟಿ ಎಲ್ಲ ದಾಟಿ ಹೊಲದ ಬದುವಿನವರೆಗೆ ಬಂದ ಸಾರಜನಕ ಕೊನೆಯ ಒಂದು ಗೇಣಿನಲ್ಲಿ ಕಳೆದುಹೋಗುತ್ತಿದೆ.

ಉಪ್ಪಿಗಿಂತ ಅಗ್ಗ

ಯಾಕೆ ಹೀಗೆ? ಬೆಲೆ ನೋಡಿ. ಚೀಲಕ್ಕೆ 266.50 ರೂಪಾಯಿ. ಕೆಜಿಗೆ ಆರು ರೂಪಾಯಿ ಕೂಡ ಇಲ್ಲ, ಅಡುಗೆಮನೆಯ ಪ್ಯಾಕೆಟ್ ಉಪ್ಪಿಗಿಂತ ಅಗ್ಗ. ನಿಜವಾದ ಖರ್ಚಿನ ಬಹುಪಾಲು ಸರ್ಕಾರ ಭರಿಸುತ್ತದೆ, ಯೂರಿಯಾ ಒಂದಕ್ಕೇ ವರ್ಷಕ್ಕೆ ಲಕ್ಷ ಕೋಟಿ ರೂಪಾಯಿ ದಾಟುವ ಸಬ್ಸಿಡಿ. 50 ಕೆಜಿ ಡಿಎಪಿ ಚೀಲಕ್ಕೆ 1,350 ರೂಪಾಯಿ. ಮಣ್ಣಿಗೆ ರಂಜಕ, ಪೊಟ್ಯಾಷ್, ಸತು, ಗಂಧಕ ಏನೇ ಕಮ್ಮಿಯಾಗಿರಲಿ, ಕೈ ಹೋಗುವುದು ಅಗ್ಗದ ಚೀಲಕ್ಕೇ.

2025ರ ಮುಂಗಾರಿನಲ್ಲಿ ರಾಜ್ಯದ ಹಲವು ಜಿಲ್ಲೆಗಳಲ್ಲಿ ಯೂರಿಯಾಕ್ಕೆ ರೈತರು ಸಾಲು ನಿಂತದ್ದು ನೆನಪಿರಬಹುದು. ಹರಿಹರದ ಕಡೆಯಿರುವ ನನ್ನ ಚಿಕ್ಕಪ್ಪ ಆಗ ಫೋನ್ ಮಾಡಿದ್ದರು. “ಸೊಸೈಟಿಯಾಗ ಗೊಬ್ಬರ ಬಂದಿಲ್ಲಪ. ಎಲ್ಲಿ ಸಿಗತೈತಿ ಅಂತ ನಿನ್ನ ಮೊಬೈಲ್ನಾಗ ಏನಾರ ತೋರಸ್ತೈತಾ ನೋಡು” ಅಂದರು. ಎಕರೆಗೆ ಎಷ್ಟು ಚೀಲ ಹಾಕ್ತೀರಿ ಅಂತ ಕೇಳಿದೆ. “ಮೂರು. ಎಲ್ಲಾರೂ ಅಷ್ಟೇ ಹಾಕದು. ಪಕ್ಕದ ಹೊಲ ಕಪ್ಪಗೆ ಹಸುರು ಹೊಡೀತಿರ್ತೈತಿ, ನಮ್ದು ಹಳದಿ ಕಂಡ್ರೆ ಮನಸ್ಸು ತಡೀತೈತಾ?”

ಯಾವ ವರದಿಯೂ ಇಷ್ಟು ಸರಿಯಾಗಿ ಹೇಳಿದ್ದನ್ನು ನಾನು ಓದಿಲ್ಲ. ಯೂರಿಯಾ ಹಾಕಿದ ನಾಲ್ಕೈದು ದಿನಕ್ಕೆ ಹೊಲ ಹಸಿರಾಗುತ್ತದೆ, ಕಣ್ಣಿಗೆ ಕಾಣುತ್ತದೆ. ಪೊಟ್ಯಾಷ್ ಹಾಕಿದ್ದು ಹಾಗೆ ಕಾಣುವುದಿಲ್ಲ. ಅತಿಯಾದ ಹಸಿರಿಗೆ ಭತ್ತದಲ್ಲಿ ಬೆಂಕಿ ರೋಗ, ಕಂದು ಜಿಗಿಹುಳು ಮುತ್ತುವುದು, ಗಾಳಿಗೆ ಪೈರು ಮಲಗುವುದು ಆಮೇಲಿನ ಮಾತು. ಮಳೆ ಕೈಕೊಡಬಹುದು, ದರ ಬೀಳಬಹುದು. ಇಷ್ಟೆಲ್ಲ ಅನಿಶ್ಚಿತತೆಯ ನಡುವೆ ರೈತನ ಕೈಯಲ್ಲಿರುವ ಅಗ್ಗದ ಇನ್ಶೂರೆನ್ಸ್ ಅಂದರೆ ಇನ್ನೊಂದು ಚೀಲ ಯೂರಿಯಾ.

2018ರಿಂದ ದೇಶದಾದ್ಯಂತ ಸಬ್ಸಿಡಿ ಗೊಬ್ಬರ ಮಾರಾಟಕ್ಕೆ ಪಿಒಎಸ್ ಯಂತ್ರ ಬಂದಿದೆ. ಆಧಾರ್ ಬೆರಳಚ್ಚು ಕೊಟ್ಟು ಖರೀದಿ, ಮಾರಾಟವಾದ ಮೇಲೆ ಕಂಪನಿಗೆ ಸಬ್ಸಿಡಿ. ಒಳ್ಳೆಯ ವ್ಯವಸ್ಥೆಯೇ. ಚೀಲ ಯಾರಿಗೆ ಹೋಯಿತು ಅಂತ ಅದು ಹೇಳುತ್ತದೆ. ಅವರ ಮಣ್ಣಿಗೆ ಆ ಚೀಲ ಬೇಕಿತ್ತಾ ಅನ್ನೋದು ಬೆರಳಚ್ಚಿನಿಂದ ತಿಳಿಯುವುದಿಲ್ಲ.

ಸೋರಿಕೆ ತಡೆಯುವವರು

ಈ ಕೊನೆಯ ಗೇಣಿನ ಸಮಸ್ಯೆಗೆ ಆವಿಷ್ಕಾರಗಳು ಇಲ್ಲವೆಂದಲ್ಲ. ಕೆಲವು ಇಲ್ಲಿವೆ.

ಬೇವು ಲೇಪಿತ ಯೂರಿಯಾ: ಇದು ಪಕ್ಕಾ ದೇಸಿ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1970ರ ದಶಕದಿಂದಲೇ ಇದರ ಹಿಂದೆ ಬಿದ್ದಿದ್ದರು. ಬೇವಿನ ಅಂಶ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳ ಕೆಲಸವನ್ನು ನಿಧಾನ ಮಾಡುತ್ತದೆ, ಪೈರಿಗೆ ಹೀರಿಕೊಳ್ಳಲು ಸಮಯ ಸಿಗುತ್ತದೆ. 2015ರಿಂದ ದೇಶದಲ್ಲಿ ಕೃಷಿಗೆ ಮಾರುವ ಯೂರಿಯಾಕ್ಕೆಲ್ಲ ಬೇವಿನ ಲೇಪನ ಕಡ್ಡಾಯ. ಸಬ್ಸಿಡಿ ಯೂರಿಯಾ ಪ್ಲೈವುಡ್ ಅಂಟಿನ ಕಾರ್ಖಾನೆಗೆ ಕದ್ದು ಹೋಗುವುದನ್ನು ತಡೆಯುವ ಉದ್ದೇಶವೂ ಇತ್ತು.

ಯೂರಿಯಾ ಗುಳಿಗೆ: ಬಾಂಗ್ಲಾದೇಶದ ಭತ್ತದ ರೈತರು ಯೂರಿಯಾವನ್ನು ಒತ್ತಿ ಗೋಲಿಯಂತೆ ಮಾಡಿ, ನಾಲ್ಕು ಪೈರಿನ ನಡುವೆ ಒಂದರಂತೆ ಕೆಸರಿನೊಳಗೆ 7ರಿಂದ 10 ಸೆಂಟಿಮೀಟರ್ ಆಳಕ್ಕೆ ಊರುತ್ತಾರೆ. ಆಳದಲ್ಲಿರುವುದರಿಂದ ಗಾಳಿಗೆ ಹಾರುವುದು ಕಡಿಮೆ, ಗೊಬ್ಬರ ಮೂರನೇ ಒಂದು ಭಾಗದಷ್ಟು ಉಳಿಯುತ್ತದೆ. ಕೂಲಿ ಆಳು ಸಿಗದ ಊರಿನಲ್ಲಿ ಇದೇ ಕಷ್ಟ. ಗುಳಿಗೆ ಊರುವ ಅಗ್ಗದ, ಒಳ್ಳೆಯ ಯಂತ್ರಕ್ಕೆ ಇನ್ನೂ ಜಾಗ ಖಾಲಿ ಇದೆ. ಮೆಕ್ಯಾನಿಕಲ್ ಓದಿದವರು ಗಮನಿಸಿ.

ಎಲೆ ಬಣ್ಣದ ಪಟ್ಟಿ: ಹಸಿರಿನ ಬೇರೆ ಬೇರೆ ಛಾಯೆಗಳಿರುವ ಒಂದು ಪ್ಲಾಸ್ಟಿಕ್ ಪಟ್ಟಿ. ಭತ್ತದ ಎಲೆಯನ್ನು ಅದರ ಪಕ್ಕ ಹಿಡಿದು ನೋಡಿ, ತಿಳಿಯಾಗಿದ್ದರೆ ಮಾತ್ರ ಗೊಬ್ಬರ. ಬ್ಯಾಟರಿ ಬೇಡ, ಆ್ಯಪ್ ಬೇಡ. ‘ಪಕ್ಕದ ಹೊಲ ಹಸಿರು’ ಅನ್ನೋ ಸಂಕಟಕ್ಕೆ ಇದಕ್ಕಿಂತ ಅಗ್ಗದ ಮದ್ದಿಲ್ಲ.

ಹನಿ ನೀರಾವರಿ ಜತೆ ಗೊಬ್ಬರ: ನೀರಿನಲ್ಲಿ ಕರಗಿಸಿ ಡ್ರಿಪ್ ಪೈಪಿನಲ್ಲೇ ಬುಡಕ್ಕೆ. ಕಬ್ಬು, ಬಾಳೆ, ತರಕಾರಿ, ಅಡಿಕೆಗೆ ಚೆನ್ನಾಗಿ ಹೊಂದುತ್ತದೆ. ಮೊದಲ ಖರ್ಚು ಜಾಸ್ತಿ.

ನ್ಯಾನೋ ಯೂರಿಯಾ: 2021ರಲ್ಲಿ ಇಫ್ಕೋ ತಂದ ಅರ್ಧ ಲೀಟರ್ ಬಾಟಲಿ, ಒಂದು ಚೀಲಕ್ಕೆ ಸಮ ಎಂಬ ಪ್ರಚಾರ. ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಆರಂಭದ ಬಾಟಲಿಯಲ್ಲಿ ಶೇ 4ರಷ್ಟು ಸಾರಜನಕ, ಅಂದರೆ 20 ಗ್ರಾಂ. ಚೀಲದಲ್ಲಿ 20.7 ಕೆಜಿ, ಸಾವಿರ ಪಟ್ಟು ವ್ಯತ್ಯಾಸ. ಒಂದು ಕ್ವಿಂಟಲ್ ಭತ್ತ ಬೆಳೆಯಲು ಪೈರಿಗೆ ಒಂದೂವರೆಯಿಂದ ಎರಡು ಕೆಜಿ ಸಾರಜನಕ ಬೇಕು. ಎಲೆ ಎಷ್ಟೇ ಚೆನ್ನಾಗಿ ಹೀರಿದರೂ 20 ಗ್ರಾಂ 20 ಗ್ರಾಮೇ. ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಎರಡು ವರ್ಷಗಳ ಪ್ರಯೋಗದಲ್ಲಿ ಅರ್ಧ ಯೂರಿಯಾ ಬದಲು ಇದನ್ನು ಸಿಂಪಡಿಸಿದಾಗ ಭತ್ತ ಮತ್ತು ಗೋಧಿಯ ಇಳುವರಿ ಇಳಿಯಿತು. ಕಂಪನಿ ತನ್ನ ಪ್ರಯೋಗಗಳಲ್ಲಿ ಒಳ್ಳೆಯ ಫಲಿತಾಂಶ ಬಂದಿದೆ ಅನ್ನುತ್ತದೆ, ಸಾರಜನಕ ಹೆಚ್ಚಿಸಿದ ಆವೃತ್ತಿಯನ್ನೂ ತಂದಿದೆ. ಆಗಲೂ ಅದು ಗ್ರಾಂ ಲೆಕ್ಕವೇ, ಕೆಜಿ ಲೆಕ್ಕವಲ್ಲ. ಹೊಸದೆಲ್ಲ ಪರಿಹಾರವಲ್ಲ, ಕ್ಯಾಲ್ಕುಲೇಟರ್ ಪಕ್ಕದಲ್ಲಿರಲಿ.

ಹಾಗಾದರೆ ಪೂರ್ತಿ ನಿಲ್ಲಿಸಿಬಿಡೋಣ್ವಾ?

ಯೂರಿಯಾವೇ ಬೇಡ, ಎಲ್ಲ ಸಾವಯವ ಮಾಡೋಣ ಅನ್ನೋರು ಬೇಕಾದಷ್ಟು ಜನ ಇದ್ದಾರೆ. ಉದ್ದೇಶ ಒಳ್ಳೆಯದೇ. ಆದರೆ ಪಕ್ಕದ ಶ್ರೀಲಂಕಾವನ್ನು ನೋಡಬೇಕು. 2021ರ ಏಪ್ರಿಲ್‌ನಲ್ಲಿ ಅಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಷೇಧಿಸಿದರು. ಭತ್ತ, ಚಹಾ ಎರಡರ ಇಳುವರಿಯೂ ಕುಸಿಯಿತು. ನವೆಂಬರ್‌ನಲ್ಲಿ ನಿರ್ಧಾರ ಹಿಂದಕ್ಕೆ ತೆಗೆದುಕೊಂಡರು, ಅಷ್ಟರಲ್ಲಿ ರೈತರ ಹಂಗಾಮು ಹೋಗಿತ್ತು. ಮಣ್ಣಿನಲ್ಲಿ ಜೀವಾಂಶ ಕಟ್ಟಲು ವರ್ಷಗಳು ಬೇಕು. ಅಲ್ಲಿಯವರೆಗೆ ಹೊಟ್ಟೆ ಕಾಯುವುದಿಲ್ಲ.

ಇನ್ನೊಂದು ಕಡೆ ಕಾರ್ಖಾನೆಯನ್ನೇ ಸ್ವಚ್ಛ ಮಾಡುವ ಪ್ರಯತ್ನ ನಡೆದಿದೆ. ಅನಿಲದ ಬದಲು ಸೌರ, ಪವನ ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕ ತೆಗೆದರೆ ‘ಹಸಿರು ಅಮೋನಿಯಾ’. ಕೇಳಲು ಹೊಸದು, ಆದರೆ 1961ರಲ್ಲೇ ಪಂಜಾಬಿನ ನಂಗಲ್ ಕಾರ್ಖಾನೆ ಭಾಕ್ರಾ ಅಣೆಕಟ್ಟೆಯ ವಿದ್ಯುತ್ತಿನಿಂದ ನೀರು ಒಡೆದು ಗೊಬ್ಬರ ಮಾಡುತ್ತಿತ್ತು. ಆಗ ಅನಿಲ ಅಗ್ಗವಾಗಿ ಬಂದು ಅದು ಹಿಂದೆ ಬಿತ್ತು, ಈಗ ಮತ್ತೆ ಅದೇ ದಾರಿ. 2023ರಲ್ಲಿ ಶುರುವಾದ ರಾಷ್ಟ್ರೀಯ ಹಸಿರು ಜಲಜನಕ ಮಿಷನ್‌ಗೆ 2030ರೊಳಗೆ ವರ್ಷಕ್ಕೆ 50 ಲಕ್ಷ ಟನ್ ಜಲಜನಕದ ಗುರಿ ಇದೆ. ಒಂದು ತೊಡಕು ಮಾತ್ರ ಇದೆ. ಯೂರಿಯಾ ಮಾಡಲು ಇಂಗಾಲದ ಡೈ ಆಕ್ಸೈಡ್ ಕೂಡ ಬೇಕು, ಅದೀಗ ಅದೇ ಅನಿಲದಿಂದ ಸಿಗುತ್ತಿದೆ. ಅನಿಲ ಬಿಟ್ಟರೆ ಅದನ್ನು ಬೇರೆ ಕಡೆಯಿಂದ ತರಬೇಕು. ಮತ್ತು ಅಮೋನಿಯಾ ಎಷ್ಟೇ ಹಸಿರಾಗಿ ಹುಟ್ಟಲಿ, ಹೊಲದಲ್ಲಿ ಸೋರುವುದು ಹಾಗೇ ಸೋರುತ್ತದೆ.

ಊರಿಗೆ ಫೋನ್ ಮಾಡಿದಾಗ

ನಮ್ಮಲ್ಲಿ ಎಷ್ಟೋ ಜನ ನಗರದಲ್ಲಿ ಕೂತಿದ್ದರೂ ಊರಿನಲ್ಲಿ ಎರಡು ಎಕರೆಯಾದರೂ ಇದೆ. ಬೀಜ, ಗೊಬ್ಬರದ ದುಡ್ಡು ಫೋನ್‌ಪೇಯಲ್ಲಿ ಕಳಿಸುವವರೂ ನಾವೇ. ಹಾಗೆ ಕಳಿಸುವಾಗ ಕೇಳಬಹುದಾದ ಕೆಲವು ಮಾತು:

1. ಮಣ್ಣು ಪರೀಕ್ಷೆ ಮಾಡಿಸಿ ಎಷ್ಟು ವರ್ಷ ಆಯ್ತು? ರೈತ ಸಂಪರ್ಕ ಕೇಂದ್ರ ಅಥವಾ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ದುಡ್ಡು ಹಾಕುವ ಮೊದಲು ಕಾರ್ಡಿನ ಫೋಟೊ ವಾಟ್ಸ್‌ಆ್ಯಪ್‌ಗೆ ಹಾಕಿಸಿಕೊಳ್ಳಿ.

2. ಯೂರಿಯಾ ಪೂರ್ತಿ ಒಂದೇ ಸಲ ಹಾಕ್ತಾರಾ? ಎರಡು ಮೂರು ಕಂತಿನಲ್ಲಿ, ಪೈರಿಗೆ ಬೇಕಾದ ಹಂತದಲ್ಲಿ ಮೇಲುಗೊಬ್ಬರ ಕೊಟ್ಟರೆ ಸೋರಿಕೆ ಇಳಿಯುತ್ತದೆ.

3. ಎರಚಿ ಬಿಡ್ತಾರಾ, ಮಣ್ಣು ಮುಚ್ಚುತ್ತಾರಾ? ಮೆಕ್ಕೆಜೋಳದ ಸಾಲಿನಲ್ಲಿ ಹಸಿ ಇರುವಾಗ ಬುಡದ ಪಕ್ಕ ಹಾಕಿ ಎಡೆಕುಂಟೆ ಹೊಡೆದರೆ ಆಯಿತು. ಜೋರು ಮಳೆ ಬರುವ ದಿನ ಬೇಡ.

4. ಸಾಲಿನ ನಡುವೆ ತೊಗರಿ, ಅಲಸಂದೆಗೆ ಜಾಗ ಇದೆಯಾ? ಬಿತ್ತನೆಗೆ ಮೊದಲು ಸೆಣಬು ಬಿತ್ತಿ ಹೂ ಬಿಡುವ ಹೊತ್ತಿಗೆ ಉತ್ತುಬಿಡಲು ನೀರು ಇದೆಯಾ? ಬಾಷ್‌ಗೆ 200 ಪಟ್ಟು ಒತ್ತಡ, ಕೆಂಡದಂಥ ಬಿಸಿ ಬೇಕಾದ ಕೆಲಸವನ್ನು ಆ ಬೇರಿನ ಗಂಟುಗಳು ಮಾಮೂಲಿ ಮಣ್ಣಿನಲ್ಲೇ ಮಾಡುತ್ತವೆ, ಬಿಲ್ಲಿಲ್ಲದೆ.

ಚಿಕ್ಕಪ್ಪನಂಥವರಿಗೆ ಕೂತು ಉಪದೇಶ ಮಾಡುವುದು ಸುಲಭ, ಅದರಿಂದ ಏನೂ ಆಗುವುದಿಲ್ಲ. ಒಂದು ಕೊಯ್ಲು ಕೈತಪ್ಪಿದರೆ ನಷ್ಟ ಅವರದ್ದು, ನಮ್ಮದಲ್ಲ. ಅದಕ್ಕೇ ಒಂದು ಪ್ರಸ್ತಾಪ: ಹತ್ತು ಗುಂಟೆಯಲ್ಲಿ ಮಾತ್ರ ಒಂದು ಚೀಲದ ಲೆಕ್ಕ ಕಮ್ಮಿ ಮಾಡಿ ನೋಡೋಣ, ಇಳುವರಿ ಬಿದ್ದರೆ ಆ ವ್ಯತ್ಯಾಸ ನಾನು ಕೊಡ್ತೀನಿ ಅನ್ನಿ. ಹೊಸ ಕೋಡನ್ನು ಮೊದಲು ಒಂದಿಷ್ಟು ಬಳಕೆದಾರರಿಗೆ ಬಿಟ್ಟು ನೋಡುವ ಹಾಗೆಯೇ ಇದು. ಆ ಹತ್ತು ಗುಂಟೆಯ ರಿಸ್ಕ್ ನಮ್ಮ ಸಂಬಳ ತಡೆದುಕೊಳ್ಳುತ್ತದೆ, ಅವರ ಹಂಗಾಮು ತಡೆದುಕೊಳ್ಳುವುದಿಲ್ಲ.

ನಿಮ್ಮ ಮನೆಯ ಹೊಲದಲ್ಲಿ ಯಾರಾದರೂ ಯೂರಿಯಾ ಕಡಿಮೆ ಮಾಡಿ ಇಳುವರಿ ಉಳಿಸಿಕೊಂಡಿದ್ದಾರಾ? ಅಥವಾ ಮಾಡಲು ಹೋಗಿ ಬೆಳೆ ಬಿದ್ದಿದೆಯಾ? ಎರಡನ್ನೂ ಓದುಗರ ಅಂಕಣಕ್ಕೆ ಬರೆದು ಕಳಿಸಿ. ಯಾವ ಬೆಳೆ, ಎಷ್ಟು ಎಕರೆ, ಎಷ್ಟು ಚೀಲ ಅಂತ ಲೆಕ್ಕ ಸಮೇತ ಬರೆದರೆ ಇನ್ನೊಬ್ಬರಿಗೆ ಅದೇ ದಾರಿ ತೋರಿಸೀತು.